ಹೂಳೆತ್ತಿದ ದೊಣೆಗೆ ಸೀಗಡಿ ಮರಳಿದ ಬಗೆ: ಅರಸೀಕೆರೆ ಸೀಮೆಯ ಒಂದು ಪ್ರಕರಣ

ಹಾಸನ ಜಿಲ್ಲೆ ಅಂದ ತಕ್ಷಣ ಹೊರಗಿನವರಿಗೆ ಸಕಲೇಶಪುರದ ಮಳೆ, ಕಾಫಿ ತೋಟ ಕಣ್ಮುಂದೆ ಬರುತ್ತದೆ. ಜಿಲ್ಲೆಯ ಪೂರ್ವದ ಮಗ್ಗುಲು ಹಾಗಿಲ್ಲ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮಳೆ ಕಡಿಮೆ, ತೆಂಗು ರಾಗಿ ಜಾಸ್ತಿ, ಅಲ್ಲಲ್ಲಿ ಬೋಳು ಬಂಡೆಯ ಗುಡ್ಡಗಳು. ಈ ಬಂಡೆಗಳ ಮೇಲೆ ಮಳೆ ನೀರು ನಿಲ್ಲುವ ದೊಣೆಗಳಿರುತ್ತವೆ. ಶ್ರವಣಬೆಳಗೊಳದ ಚಂದ್ರಗಿರಿ ಹತ್ತಿದವರು ಕಂಚಿನ ದೊಣೆ, ಲಕ್ಕಿ ದೊಣೆ ನೋಡಿರುತ್ತಾರೆ. ಅಂಥ ಹೆಸರು, ಶಾಸನ ಯಾವುದೂ ಇಲ್ಲದ ಸಾಧಾರಣ ದೊಣೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ.

ಈ ಪ್ರಕರಣ ಅಂಥ ಒಂದು ಗುಡ್ಡದ್ದು. ಊರಿನ ಹೆಸರು, ಗುಡ್ಡದ ಹೆಸರು, ಜನರ ಹೆಸರು ಯಾವುದನ್ನೂ ಹೇಳುತ್ತಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವನು. ವರ್ಷವೂ ಮಳೆ ಶುರುವಾದ ಮೇಲೆ ಮಕ್ಕಳನ್ನು ಈ ಗುಡ್ಡಕ್ಕೆ ಕರೆದುಕೊಂಡು ಹೋಗುವ ರೂಢಿ ಇತ್ತು. ಹಾಗಾಗಿ ಹೂಳು ತೆಗೆಯುವ ಮೊದಲು ಅಲ್ಲಿ ಏನೇನಿತ್ತು ಅನ್ನುವುದಕ್ಕೆ ನಮ್ಮ ಹತ್ತಿರ ಫೋಟೊ, ಟಿಪ್ಪಣಿ ಇದ್ದವು. ಇದು ಮುಂದೆ ಬಹಳ ಕೆಲಸಕ್ಕೆ ಬಂತು.

ನಾಲ್ಕು ದೊಣೆ

ದೊಡ್ಡ ದೊಣೆ ಆಳವಾಗಿದೆ. ಬೇಸಿಗೆಯಲ್ಲೂ ತಳದಲ್ಲಿ ಒಂದಿಷ್ಟು ನೀರು ಉಳಿಯುತ್ತದೆ. ಯಾರೋ ಯಾವಾಗಲೋ ಬಿಟ್ಟ ಮೀನೂ ಇವೆ. ಉಳಿದ ಮೂರು ಚಿಕ್ಕವು: ಮೇಲಿನದು, ನಡುವಿನದು, ಇಳಿಜಾರಿನ ಮೂಲೆಯದು. ಯಾವುದೂ ಮೊಣಕಾಲು ಮುಳುಗುವಷ್ಟು ಆಳವಿಲ್ಲ. ಜೋರು ಮಳೆಗೆ ತುಂಬುತ್ತವೆ, ಬಿಸಿಲು ಹಿಡಿದರೆ ಕೆಲವೇ ವಾರಗಳಲ್ಲಿ ಒಣಗುತ್ತವೆ. ಒಣಗಿದಾಗ ತಳದಲ್ಲಿ ಬಿರುಕು ಬಿಟ್ಟ ಬೂದು ಹೂಳು ಕಾಣುತ್ತದೆ. ನಾಲ್ಕು ಬೆರಳು ದಪ್ಪ ಇದ್ದೀತು.

ಈ ಮೂರು ಚಿಕ್ಕ ದೊಣೆಗಳಲ್ಲಿ ಮಳೆ ಬಿದ್ದ ಒಂದೆರಡು ವಾರಕ್ಕೆ ಸೀಗಡಿ ಜಾತಿಯ ಪ್ರಾಣಿಗಳು ತುಂಬಿಕೊಳ್ಳುತ್ತಿದ್ದವು. ಎದ್ದು ಕಾಣುವುದು ಫೇರಿ ಶ್ರಿಂಪ್. ಬಿಳಿ ತಟ್ಟೆಗೆ ನೀರು ಹಾಕಿ ಒಂದನ್ನು ಬಿಟ್ಟು ನೋಡಿ. ಮೈ ಪಾರದರ್ಶಕ, ಬಾಲದ ಕವಲು ಕಿತ್ತಳೆ ಬಣ್ಣ. ಈಜುವುದು ಅಂಗಾತ, ಹೊಟ್ಟೆ ಮೇಲೆ ಮಾಡಿಕೊಂಡು. 11 ಜೊತೆ ಎಲೆಯಂಥ ಕಾಲುಗಳು ಹಿಂದಿನಿಂದ ಮುಂದಕ್ಕೆ ಒಂದರ ಮೇಲೊಂದು ಬಡಿಯುತ್ತಲೇ ಇರುತ್ತವೆ. ಆ ಕಾಲುಗಳಲ್ಲೇ ಈಜು, ಆ ಕಾಲುಗಳಲ್ಲೇ ಉಸಿರು, ನೀರಿನ ಪಾಚಿ ಸೋಸಿ ಬಾಯಿಗೆ ತಂದುಕೊಳ್ಳುವುದೂ ಅವುಗಳಲ್ಲೇ. ಗಂಡಿನ ತಲೆಯ ಮುಂದೆ ಹೆಣ್ಣನ್ನು ಹಿಡಿದುಕೊಳ್ಳಲು ಕತ್ತರಿಯಂಥ ಅಂಗ ಇರುತ್ತದೆ. ಅದನ್ನು ನೋಡಿ ಇದು ಸ್ಟ್ರೆಪ್ಟೊಸೆಫಾಲಸ್ ಕುಲದ್ದು ಅಂತ ಗುರುತಿಸಿದ್ದೆವು. ಹೆಣ್ಣಿನ ಹೊಟ್ಟೆ ಕೆಳಗಿನ ಚೀಲದಲ್ಲಿ ಕಂದು ಮೊಟ್ಟೆಗಳು. ಜೊತೆಗೆ ಎರಡು ಚಿಪ್ಪಿನ ನಡುವೆ ಮೈ ಮುದುಡಿಕೊಂಡ ಕ್ಲಾಮ್ ಶ್ರಿಂಪ್, ನೀರುಚಿಗಟ, ಆಸ್ಟ್ರಾಕೋಡ್ ಅನ್ನುವ ಪುಟ್ಟ ಚಿಪ್ಪಿನ ಕವಚಜೀವಿ.

ದೊಡ್ಡ ದೊಣೆಯಲ್ಲಿ ಫೇರಿ ಶ್ರಿಂಪ್ ಒಂದೂ ಇಲ್ಲ. ಕಾರಣ ಮೀನು. ಇವಕ್ಕೆ ಗಟ್ಟಿ ಚಿಪ್ಪಿಲ್ಲ, ಮುಳ್ಳಿಲ್ಲ, ಓಡಿ ಅಡಗಿಕೊಳ್ಳುವ ವೇಗವೂ ಇಲ್ಲ. ಮೀನು ಬದುಕಲಾರದ ನೀರೇ ಇವುಗಳ ಜಾಗ. ದೊಣೆ ಒಣಗುವುದು ಇವಕ್ಕೆ ಕಷ್ಟ ಅಂತ ನಾವು ಅಂದುಕೊಳ್ಳುತ್ತೇವೆ. ಒಣಗದಿದ್ದರೆ ಇವು ಇರುತ್ತಲೇ ಇರಲಿಲ್ಲ.

ಒಳ್ಳೆ ಕೆಲಸದಿಂದ ಬಂದ ತೊಂದರೆ

ಒಂದು ಬೇಸಿಗೆಯಲ್ಲಿ ಊರಿನವರು ದೊಣೆಗಳ ಹೂಳು ತೆಗೆಸಿದರು. ಉದ್ದೇಶ ಒಳ್ಳೆಯದೇ. ಕುರಿ ದನಕ್ಕೆ ನೀರು ನಾಲ್ಕು ದಿನ ಜಾಸ್ತಿ ನಿಲ್ಲಲಿ, ಕೆಲಸ ಇಲ್ಲದ ಕಾಲದಲ್ಲಿ ಕೂಲಿಯೂ ಸಿಗಲಿ ಅಂತ. ಮೇಲಿನದನ್ನೂ ನಡುವಿನದನ್ನೂ ಗುದ್ದಲಿ, ಸನಿಕೆಯಲ್ಲಿ ಕೆರೆದು ಪೊರಕೆ ಹಾಕಿ ಗುಡಿಸಿದರು. ತಳದ ಕಲ್ಲು ಕಾಣುವಷ್ಟು ಚೊಕ್ಕಟ. ಮೂಲೆ ದೊಣೆಗೆ ಹೋಗುವ ಜಾಗ ಜಾರುತ್ತದೆ, ಮಕ್ರಿ ಹೊತ್ತು ಬರುವುದು ಕಷ್ಟ ಅಂತ ಅದನ್ನು ಹಾಗೇ ಬಿಟ್ಟರು. ತೆಗೆದ ಹೂಳು ಕೆಳಗಿನ ತೆಂಗಿನ ತೋಟಕ್ಕೆ ಹೋಯಿತು. ಗುಡ್ಡದ ಹೂಳು ಗೊಬ್ಬರದ ಜೊತೆ ಪಾತಿಗೆ ಒಳ್ಳೆಯದು ಅನ್ನುವುದು ನಮ್ಮ ಕಡೆಯ ನಂಬಿಕೆ, ಸುಳ್ಳೂ ಅಲ್ಲ.

ಮಳೆ ಬಂದ ಮೇಲೆ ಮಕ್ಕಳ ಜೊತೆ ಹತ್ತಿದೆವು. ಮೂಲೆ ದೊಣೆಯಲ್ಲಿ ಎಂದಿನಂತೆ ಎಲ್ಲವೂ ಇದ್ದವು. ಕೆರೆದ ಎರಡರಲ್ಲಿ ನೀರು ತಿಳಿಯಾಗಿತ್ತು, ಸೊಳ್ಳೆಮರಿ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ ಇದನ್ನು ನಮಗಿಂತ ಮೊದಲೇ ಗಮನಿಸಿದ್ದರು. "ಆ ಬಾಲ ಕೆಂಪಿನ ಹುಳ ಈ ಸಲ ಹುಟ್ಲೇ ಇಲ್ಲ ಮೇಷ್ಟ್ರೇ, ಮಣ್ಣೇ ಹೋದ್ಮೇಲೆ ಇನ್ನೇನು" ಅಂದರು.

ಅಜ್ಜ ಹೇಳಿದ್ದು ಅಕ್ಷರಶಃ ನಿಜ. ದೊಣೆ ಒಣಗುವಾಗ ದೊಡ್ಡ ಸೀಗಡಿಗಳೆಲ್ಲ ಸಾಯುತ್ತವೆ. ಒಂದೂ ಎಲ್ಲೂ ಓಡಿಹೋಗುವುದಿಲ್ಲ. ಉಳಿಯುವುದು ಮೊಟ್ಟೆ ಮಾತ್ರ. ಒಂದು ರಾಗಿ ಕಾಳಿನ ಅಗಲಕ್ಕೆ ಇಂಥ ಐದಾರು ಮೊಟ್ಟೆ ಸಾಲಾಗಿ ಕೂರುತ್ತವೆ, ಅಷ್ಟು ಚಿಕ್ಕವು. ಒಳಗಿನ ಭ್ರೂಣ ಸ್ವಲ್ಪ ಬೆಳೆದು ಅಲ್ಲೇ ನಿಂತುಬಿಟ್ಟಿರುತ್ತದೆ. ಸುತ್ತ ಗಟ್ಟಿ ಕವಚ. ನೀರಿನ ಅಂಶ ಬಹುಪಾಲು ಹೊರಟುಹೋಗುತ್ತದೆ. ಇದೇ ಬಳಗದ, ಉಪ್ಪು ನೀರಿನಲ್ಲಿ ಬದುಕುವ ಆರ್ಟೀಮಿಯಾದ ಮೊಟ್ಟೆಗಳಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಅಲ್ಲಿ ನೀರಿನ ಬದಲು ಟ್ರೆಹಲೋಸ್ ಅನ್ನುವ ಸಕ್ಕರೆ ಜೀವಕೋಶದ ಪೊರೆ, ಪ್ರೋಟೀನುಗಳನ್ನು ಆಕಾರ ಕೆಡದಂತೆ ಹಿಡಿದಿಡುತ್ತದೆ. 1972ರಲ್ಲಿ ಅಪೊಲೊ 16 ಮತ್ತು 17ರ ಜೊತೆ ಈ ಆರ್ಟೀಮಿಯಾ ಮೊಟ್ಟೆಗಳನ್ನು ಚಂದ್ರನ ದಾರಿಗೂ ಕಳಿಸಿದ್ದರು. ಏಪ್ರಿಲ್ ಬಿಸಿಲಿಗೆ ಕಾದ ಬಂಡೆ ಇಂಥ ಮೊಟ್ಟೆಗೆ ದೊಡ್ಡದಲ್ಲ.

ಇನ್ನೊಂದು ಮಾತು. ಹೂಳಿನಲ್ಲಿರುವುದು ಹೋದ ವರ್ಷದ ಮೊಟ್ಟೆ ಮಾತ್ರ ಅಲ್ಲ. ಹಲವು ವರ್ಷದ್ದು ಪದರ ಪದರವಾಗಿ ಕೂತಿರುತ್ತದೆ. ಅಮೆರಿಕದ ರೋಡ್ ಐಲ್ಯಾಂಡಿನ ಒಂದು ಕೊಳದ ಕೆಸರಿನಿಂದ ಕೊಪೆಪಾಡ್ ಅನ್ನುವ ಸಣ್ಣ ಕವಚಜೀವಿಯ 300 ವರ್ಷಕ್ಕೂ ಹಳೆಯ ಮೊಟ್ಟೆಗಳನ್ನು ಒಡೆಸಿ ಮರಿ ಮಾಡಿದ ವರದಿ 1995ರಲ್ಲಿ ಬಂದಿದೆ. ನಮ್ಮ ದೊಣೆಯ ಹೂಳು ಅಷ್ಟು ಹಳೆಯದಲ್ಲ. ಆದರೂ ನಾಲ್ಕು ಬೆರಳು ಹೂಳನ್ನು ಒಂದೇ ಬೇಸಿಗೆಯಲ್ಲಿ ಗುಡಿಸಿ ಹಾಕಿದಾಗ ಹೋದದ್ದು ಒಂದು ತಲೆಮಾರಲ್ಲ, ಆ ದೊಣೆಯ ಪೂರ್ತಿ ಉಳಿತಾಯ.

ಮೀನು ಬಿಡುವ ಪ್ರಸ್ತಾಪ

ಅದೇ ಮಳೆಗಾಲ ಊರಿನಲ್ಲಿ ಒಂದಿಬ್ಬರಿಗೆ ಡೆಂಗಿ ಬಂತು. ಗುಡ್ಡದ ದೊಣೆಯಲ್ಲಿ ಸೊಳ್ಳೆಮರಿ ಇದೆ ಅನ್ನುವ ಮಾತು ಹರಡಿತು. ಎಲ್ಲ ದೊಣೆಗೂ ಗಪ್ಪಿ ಮೀನು ಬಿಡಬೇಕು, ಚಿಕ್ಕವಕ್ಕೆ ಅಂಚು ಕಟ್ಟಿ ನೀರು ನಿಲ್ಲಿಸಬೇಕು ಅನ್ನುವ ಪ್ರಸ್ತಾಪ ಬಂತು. ಇದು ಮೊದಲ ತಿರುವು.

ಇಲ್ಲಿ ನಮ್ಮ ಗುಂಪಿನ ಕೆಲವು ಮಕ್ಕಳಿಗೆ ಒಂದು ಆಸೆ ಹುಟ್ಟಿತು. "ಸೀಗಡಿ ಇದ್ರೆ ಸೊಳ್ಳೆ ಬರಲ್ಲ ಅಂತ ಹೇಳಿಬಿಡೋಣ ಸಾರ್." ಬೇಡ ಅಂದೆ. ಫೇರಿ ಶ್ರಿಂಪ್ ಪಾಚಿ ಸೋಸಿ ತಿನ್ನುವ ಪ್ರಾಣಿ, ಸೊಳ್ಳೆಮರಿಯನ್ನು ಹಿಡಿದು ತಿನ್ನುವುದಲ್ಲ. ಸುಮ್ನೆ ಮಾತು ಕೊಟ್ಟು, ಮುಂದಿನ ವರ್ಷ ಸೀಗಡಿಯೂ ಸೊಳ್ಳೆಯೂ ಒಟ್ಟಿಗೆ ಕಂಡರೆ ಯಾರು ನಂಬುತ್ತಾರೆ?

ನಿಜ ಏನಿತ್ತೋ ಅದನ್ನೇ ಇಟ್ಟೆವು. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಮನೆ ಸುತ್ತಲಿನ ಸೊಳ್ಳೆ. ಡ್ರಮ್ಮು, ಕಲ್ಲು ತೊಟ್ಟಿ, ಹಳೆ ಟೈರು, ತೆಂಗಿನ ಚಿಪ್ಪು ಅದರ ಜಾಗ. ಊರಿನ ಆಶಾ ಕಾರ್ಯಕರ್ತೆ ಮನೆಮನೆ ಸಮೀಕ್ಷೆ ಮಾಡಿದವರು. ಸಭೆಯಲ್ಲಿ ಎದ್ದು ನಿಂತು, "ಗುಡ್ಡಕ್ಕೆ ಯಾಕೆ ಹೋಗ್ತೀರಣ್ಣ, ನಿಮ್ಮನೆ ಹಿತ್ತಲ ಡ್ರಮ್ ಮುಚ್ಚಿ ಮೊದ್ಲು" ಅಂದರು. ಸಭೆ ನಕ್ಕಿತು. ನನ್ನ ಅರ್ಧ ಗಂಟೆಯ ವಿವರಣೆಗಿಂತ ಆ ಒಂದು ಮಾತು ಜಾಸ್ತಿ ಕೆಲಸ ಮಾಡಿತು.

ಮೀನಿನ ವಿಷಯಕ್ಕೆ ಇನ್ನೊಂದು ಲೆಕ್ಕವೂ ಇತ್ತು. ಸೊಳ್ಳೆಮರಿ ತಿನ್ನಿಸಲು ಮೀನು ಬಿಡುವುದು ನಮ್ಮ ದೇಶಕ್ಕೆ ಹೊಸದಲ್ಲ, ಗಂಬೂಸಿಯಾ ಮೀನನ್ನು 1928ರಲ್ಲೇ ಇಟಲಿಯಿಂದ ತಂದಿದ್ದರು. ಬಾವಿ, ತೊಟ್ಟಿಗಳಲ್ಲಿ ಅದಕ್ಕೆ ಅರ್ಥ ಇದೆ. ಕೆಲವೇ ವಾರದಲ್ಲಿ ಒಣಗುವ ದೊಣೆಯಲ್ಲಿ ಬಿಟ್ಟ ಮೀನು ದೊಣೆಯ ಜೊತೆಗೇ ಸಾಯುತ್ತದೆ. ಪ್ರತಿ ಮಳೆಗೂ ಹೊಸದಾಗಿ ಹೊತ್ತು ತರಬೇಕು. ಅಷ್ಟರಲ್ಲಿ ಸೀಗಡಿಗಳು ಮೊಟ್ಟೆ ಇಡುವ ಮೊದಲೇ ಮೀನು ಅವನ್ನು ಮುಗಿಸಿರುತ್ತದೆ. ಕೊನೆಗೆ ಆದ ತೀರ್ಮಾನ ಹೀಗೆ: ಮೀನು ಮೊದಲೇ ಇರುವ ದೊಡ್ಡ ದೊಣೆಗೆ ಗಪ್ಪಿ ಬಿಡುವುದು, ದನದ ನೀರಿಗೆ ಅಂಚು ಕಟ್ಟುವುದೂ ಅದಕ್ಕೇ. ಚಿಕ್ಕ ಮೂರನ್ನು ಒಣಗಲು ಬಿಡುವುದು. ದನಕರುಗಳ ನೀರಿನ ಕಷ್ಟ ನಿಜವಾದದ್ದು. ಅದಕ್ಕೆ ಉತ್ತರ ಕೊಡದೆ ಸೀಗಡಿ ಅಂತ ಹೇಳಿದ್ದರೆ ನಮ್ಮನ್ನು ಗುಡ್ಡದಿಂದ ಇಳಿಸುತ್ತಿದ್ದರು.

ಮಣ್ಣಿನಲ್ಲಿ ಜೀವ ಉಳಿದಿದೆಯಾ?

ಹೋದ ಹೂಳು ಎಲ್ಲಿದೆ ಅಂತ ಹುಡುಕಿದೆವು. ತೋಟದವರು ಸ್ವಲ್ಪವನ್ನು ಪಾತಿಗೆ ಹಾಕಿ ಮುಗಿಸಿದ್ದರು. ಆ ಮಣ್ಣಿನ ಮೇಲೆ ಗೊಬ್ಬರ, ಬೋರ್ ನೀರು, ಗುದ್ದಲಿ ಏಟು ಎಲ್ಲ ಬಿದ್ದಿತ್ತು. ಪುಣ್ಯಕ್ಕೆ ಉಳಿದದ್ದನ್ನು ಪಂಪ್ ಮನೆಯ ಜಗಲಿ ಮೇಲೆ, ಸೂರಿನ ಕೆಳಗೆ ರಾಶಿ ಹಾಕಿಸಿದ್ದರು. ಅದು ಒಣಗೇ ಇತ್ತು. ಒಂದು ಚೀಲ ಕೊಡಿ ಅಂದಾಗ ಅವರು ವಿಚಿತ್ರವಾಗಿ ನೋಡಿದರೂ ಕೊಟ್ಟರು.

ಕಾಲೇಜಿನಲ್ಲಿ ಬೇಸಿನ್‌ಗಳಿಗೆ ಒಂದೊಂದು ಹಿಡಿ ಮಣ್ಣು ಹಾಕಿ ನಲ್ಲಿ ನೀರು ತುಂಬಿದೆವು. ಅಲ್ಲಿ ಬರುವುದು ಬೋರ್‌ವೆಲ್ ನೀರು. ದಿನ ಕಳೆದವು, ಏನೂ ಹುಟ್ಟಲಿಲ್ಲ. ಮಕ್ಕಳು ಮೊಟ್ಟೆ ಸತ್ತಿದೆ ಅಂತ ತೀರ್ಮಾನಿಸಿ ಬೇಸಿನ್ ಚೆಲ್ಲಲು ಹೊರಟಿದ್ದರು. ಆಗ ಒಬ್ಬ ಹುಡುಗಿ ಕುಡಿಯುವ ನೀರಿನ ಘಟಕದಿಂದ, ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ತಂದು ಅದ್ದಿದಳು. ಬೋರ್ ನೀರಿನಲ್ಲಿ 900 ದಾಟಿತು. ಹೆಂಚಿನ ಮೇಲಿಂದ ಹಿಡಿದ ಮಳೆ ನೀರಿನಲ್ಲಿ 20ರ ಆಸುಪಾಸು. ಇದು ಎರಡನೇ ತಿರುವು.

ಈ ಮೊಟ್ಟೆಗಳಿಗೆ ನೀರು ತಾಗಿದರೆ ಸಾಲದು. ಯಾವ ನೀರು ಅನ್ನುವುದು ಮುಖ್ಯ. ದೊಣೆ ತುಂಬಿದ ಮೊದಲ ದಿನ ಅದರ ನೀರಿನಲ್ಲಿ ಲವಣ ತೀರಾ ಕಡಿಮೆ, ಆಮ್ಲಜನಕ ಜಾಸ್ತಿ, ತಳದವರೆಗೂ ಬೆಳಕು. ದಿನ ಹೋದಂತೆ ನೀರು ಆರುತ್ತದೆ, ಲವಣ ಗಟ್ಟಿಯಾಗುತ್ತದೆ. ಅಂದರೆ ಲವಣ ಕಡಿಮೆ ಇದ್ದರೆ ಹೊಸ ಮಳೆ, ಮುಂದೆ ಸಮಯ ಇದೆ ಅಂತ ಲೆಕ್ಕ. ಲವಣ ಜಾಸ್ತಿ ಇದ್ದರೆ ಆರುತ್ತಿರುವ ದೊಣೆ, ಈಗ ಹುಟ್ಟಿದರೆ ಸಾವು. ನಮ್ಮ ಬೋರ್ ನೀರು ಮೊಟ್ಟೆಗೆ ಎರಡನೇ ಸುದ್ದಿ ಹೇಳುತ್ತಿತ್ತು.

ಅದೇ ಮಣ್ಣನ್ನು ಒಣಗಿಸಿ, ಮಳೆ ನೀರು ಹಾಕಿ ಕಿಟಕಿ ಬಳಿ ಇಟ್ಟೆವು. ಎರಡು ದಿನದೊಳಗೆ ನೀರಿನಲ್ಲಿ ಚುಕ್ಕಿಗಳು ಜಗ್ಗಿ ಜಗ್ಗಿ ಓಡಾಡತೊಡಗಿದವು. ಮೂಲೆಗೆ ಟಾರ್ಚ್ ಹಿಡಿದರೆ ಎಲ್ಲವೂ ಆ ಬೆಳಕಿಗೆ ಬಂದು ಗುಂಪಾಗುತ್ತಿದ್ದವು. ಆವತ್ತು ಲ್ಯಾಬಿನಲ್ಲಿ ಪಾಠ ನಡೆಯಲಿಲ್ಲ ಬಿಡಿ.

ಮುಂದಿನ ಹೆಜ್ಜೆಯನ್ನು ಬೇಕೆಂದೇ ಇಟ್ಟೆವು. ಹುಟ್ಟಿದ ಮರಿಗಳನ್ನೆಲ್ಲ ಬೇರೆ ಮಾಡಿ, ಮಣ್ಣನ್ನು ಪೂರ್ತಿ ಒಣಗಿಸಿ, ಮತ್ತೆ ಮಳೆ ನೀರು ಹಾಕಿದೆವು. ಮತ್ತೆ ಮರಿಗಳು ಬಂದವು. ಮೂರನೇ ಸಲವೂ ಕೆಲವು ಬಂದವು. ಅಂದರೆ ಮೊದಲ ನೀರಿಗೆ ಎಲ್ಲ ಮೊಟ್ಟೆಯೂ ಒಡೆಯುವುದಿಲ್ಲ. ಒಂದೇ ತಾಯಿಯ ಮೊಟ್ಟೆಗಳೂ ಬೇರೆ ಬೇರೆ ಸಲಕ್ಕೆ ಏಳುತ್ತವೆ. ಮಳೆ ಕೈಕೊಡುವ ಊರಿನಲ್ಲಿ ಇದಕ್ಕಿಂತ ಜಾಣತನ ಬೇರೆ ಇಲ್ಲ.

ಎಷ್ಟು ಹಾಕಬೇಕು, ಎಲ್ಲಿಂದ ತರಬೇಕು

ಬೇಸಿಗೆ ಮುಗಿಯುವ ಮುನ್ನ ಒಣ ದೊಣೆಗೆ ಒಣ ಮಣ್ಣು ವಾಪಸ್ಸು ಹಾಕುವುದು ಅಂತ ಆಯಿತು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಮಳೆಗುಂಡಿಗಳ ಒಂದು ಫೇರಿ ಶ್ರಿಂಪ್ 1994ರಿಂದ ಕಾನೂನಿನ ರಕ್ಷಣೆಯಲ್ಲಿದೆ. ಹೊಸದಾಗಿ ತೋಡಿದ ಗುಂಡಿಗಳಿಗೆ ಹಳೆ ಗುಂಡಿಯ ಮಣ್ಣು ಹರಡುವ ಪದ್ಧತಿಯೂ ಅಲ್ಲಿದೆ. ನಮ್ಮದು ಅದರ ಹಳ್ಳಿ ರೂಪ.

ಇಲ್ಲಿ ಮೂರು ಅಭಿಪ್ರಾಯ ಇದ್ದವು. ಒಂದು, ಏನೂ ಮಾಡುವುದು ಬೇಡ, ಮೂಲೆ ದೊಣೆಯಿಂದ ತಾನಾಗೇ ಬರುತ್ತದೆ. ಇದು ಆಗದ ಮಾತಲ್ಲ. ಬೋಟ್ಸ್ವಾನಾದ ಬಂಡೆದೊಣೆಗಳಲ್ಲಿ ಒಣಗಿದ ಮೊಟ್ಟೆಗಳು ಗಾಳಿಗೆ ಅಕ್ಕಪಕ್ಕದ ದೊಣೆಗೆ ಹಾರುವುದನ್ನು ಅಳೆದು ತೋರಿಸಿದ್ದಾರೆ. ಹಕ್ಕಿ ಕಾಲಿನ ಕೆಸರು, ಕುರಿ ಗೊರಸೂ ಒಂದಿಷ್ಟು ಸಾಗಿಸುತ್ತವೆ. ಆದರೆ ನಮ್ಮ ಮೂಲೆ ದೊಣೆ ಇಳಿಜಾರಿನ ಕೆಳಗಿದೆ. ತುಂಬಿ ಹರಿದ ನೀರು ಮೇಲಿನದರಿಂದ ಅದಕ್ಕೆ ಹೋಗುತ್ತದೆ, ಅದರಿಂದ ಮೇಲಕ್ಕೆ ಬರುವುದಿಲ್ಲ. ಹೀಗೆ ಕಾಯುತ್ತಾ ಕೂತರೆ ವರ್ಷಗಳೇ ಬೇಕಾದೀತು.

ಎರಡು, ಪಕ್ಕದ ತಾಲ್ಲೂಕಿನ ಒಂದು ಗುಡ್ಡದಿಂದ ಬೇಕಾದಷ್ಟು ಮಣ್ಣು ತರೋಣ. ಇದಕ್ಕೆ ನಾನು ಒಪ್ಪಲಿಲ್ಲ. ಪಶ್ಚಿಮ ಘಟ್ಟದ ಮಹಾರಾಷ್ಟ್ರ ಭಾಗದಿಂದ ಸ್ಟ್ರೆಪ್ಟೊಸೆಫಾಲಸ್ ಸಹ್ಯಾದ್ರಿಯೆನ್ಸಿಸ್ ಅನ್ನುವ ಹೊಸ ಪ್ರಭೇದವನ್ನು ವಿವರಿಸಿದ್ದೇ 2014ರಲ್ಲಿ. ನಮ್ಮ ಗುಡ್ಡಗಳಲ್ಲಿ ಯಾವುದರಲ್ಲಿ ಯಾವುದಿದೆ ಅಂತ ಪಟ್ಟಿ ಮಾಡುವ ಮೊದಲೇ ಕಲಸಿಬಿಟ್ಟರೆ ಆಮೇಲೆ ಬಿಡಿಸಲು ಆಗುವುದಿಲ್ಲ.

ಮೂರನೆಯದು, ಅದೇ ದೊಣೆಗಳ ಮಣ್ಣು ರಾಶಿಯಲ್ಲಿದೆ, ಅದನ್ನೇ ಹಾಕೋಣ. ಅದೇ ಆಯಿತು. ಆದರೆ ಊರಿನವರಿಗೆ ಬೆವರು ಸುರಿಸಿ ತೆಗೆದ ಹೂಳನ್ನು ಮತ್ತೆ ತುಂಬಿಸುವುದು ಸಿಟ್ಟು ಬರಿಸುವ ವಿಷಯ, ನ್ಯಾಯವೇ. ಹಾಗಾಗಿ ತೆಳ್ಳಗೆ, ಒಂದು ಬೆರಳು ದಪ್ಪಕ್ಕೆ ಹರಡಿದೆವು. ಜೀವಶಾಸ್ತ್ರಕ್ಕೂ ಅದೇ ಸರಿ. ದಪ್ಪ ಹೂಳಿನ ಅಡಿಯಲ್ಲಿ ಹೂತ ಮೊಟ್ಟೆಗೆ ಬೆಳಕಿಲ್ಲ, ಆಮ್ಲಜನಕ ಕಡಿಮೆ. ಅದು ಒಡೆಯದೆ ಕಾಯುತ್ತದೆ. ತೆಳುವಾಗಿ ಹರಡಿದರೆ ಹೆಚ್ಚು ಮೊಟ್ಟೆ ಮೇಲ್ಪದರದಲ್ಲಿ ಇರುತ್ತವೆ. ರಾಶಿಯಲ್ಲಿ ಉಳಿದದ್ದರಲ್ಲಿ ಒಂದು ಚೀಲ ಒಣಗಿಸಿ ಕಾಲೇಜಿನ ಅಟ್ಟದಲ್ಲಿ ಇಟ್ಟೆವು. ಕೈಕೊಟ್ಟರೆ ಇನ್ನೊಂದು ಸಲಕ್ಕೆ ಇರಲಿ ಅಂತ.

ಭರಣಿ ಮಳೆ, ಉತ್ತರೆ ಮಳೆ

ಭರಣಿ ಮಳೆಗೆ ದೊಣೆಗಳು ತುಂಬಿದವು. ಎರಡೇ ದಿನಕ್ಕೆ ಕೆರೆದ ಎರಡೂ ದೊಣೆಯಲ್ಲಿ ಮರಿ ಕಂಡವು. ಎಲ್ಲರಿಗೂ ಖುಷಿ. ಆಮೇಲೆ ಮಳೆ ನಿಂತಿತು. ಬಿಸಿಲು ಸುಟ್ಟಿತು. ಮರಿಗಳು ಬೆಳೆದು ಹೆಣ್ಣುಗಳ ಚೀಲದಲ್ಲಿ ಮೊಟ್ಟೆ ಕಾಣುವ ಮೊದಲೇ ನೀರು ಆರಿಹೋಯಿತು. ಮೂಲೆ ದೊಣೆಯ ಕಥೆಯೂ ಅದೇ. "ಮುಗೀತಲ್ಲ ಸಾರ್ ನಿಮ್ಮ ಸೀಗಡಿ" ಅಂತ ಊರಲ್ಲಿ ಒಬ್ಬರು ಕೇಳಿದರು. ತಮಾಷೆಗೇ ಕೇಳಿದ್ದು, ಆದರೆ ಪ್ರಶ್ನೆ ಸರಿಯಾದದ್ದು.

ಈ ಹೊತ್ತಿಗೆ ಅಟ್ಟದ ಚೀಲ ಇಳಿಸಬೇಕು ಅಂತ ಒತ್ತಾಯ ಬಂತು. ಇದು ಮೂರನೇ ತಿರುವು. ಬೇಸಿನ್ ಪರೀಕ್ಷೆ ಮಾಡಿರದಿದ್ದರೆ ಖಂಡಿತ ಇಳಿಸಿಬಿಡುತ್ತಿದ್ದೆವು. ಅದೇ ಮಣ್ಣಿನಿಂದ ಮೂರು ಸಲ ಮರಿ ಬಂದದ್ದನ್ನು ಕಣ್ಣಾರೆ ನೋಡಿದ್ದರಿಂದ ತಡೆದುಕೊಂಡೆವು. ನಡುವೆ ಬಿದ್ದ ಜಿಟಿಜಿಟಿ ಮಳೆ ಹೂಳನ್ನು ಒದ್ದೆ ಮಾಡಿತೇ ಹೊರತು ದೊಣೆ ತುಂಬಿಸಲಿಲ್ಲ.

ನಮ್ಮ ಸೀಮೆಗೆ ನಿಜವಾದ ಮಳೆ ಬರುವುದು ಹಿಂಗಾರಿನಲ್ಲಿ. ಉತ್ತರೆ ಮಳೆ ಜೋರಾಗಿ ಹೊಡೆಯಿತು. ದೊಣೆಗಳು ತುಂಬಿ ಹೊರಚೆಲ್ಲಿದವು. ಮತ್ತೆ ಮರಿಗಳು. ಈ ಸಲ ಹಸ್ತೆಯೂ ಕೈಬಿಡಲಿಲ್ಲ, ನೀರು ನಿಂತಿತು. ಚಿತ್ತೆಯ ಹೊತ್ತಿಗೆ ಮೇಲಿನ ದೊಣೆಯಿಂದ ಎತ್ತಿದ ತಟ್ಟೆಯಲ್ಲಿ ಚೀಲ ತುಂಬ ಮೊಟ್ಟೆ ಹೊತ್ತ ಹೆಣ್ಣುಗಳಿದ್ದವು. ನಡುವಿನದರಲ್ಲೂ ಇದ್ದವು, ಸ್ವಲ್ಪ ಕಡಿಮೆ. ಆ ಹಂಗಾಮಿನಲ್ಲಿ ಹೊಸ ಮೊಟ್ಟೆ ಮಣ್ಣಿಗೆ ಬಿದ್ದ ಮೇಲೆಯೇ ನಾವು ಕೆಲಸ ಒಂದು ಹಂತಕ್ಕೆ ಬಂತು ಅಂದುಕೊಂಡದ್ದು. ಮರಿ ಕಂಡದ್ದು ಲೆಕ್ಕಕ್ಕಿಲ್ಲ. ಮೊಟ್ಟೆ ವಾಪಸ್ಸು ಹೂಳಿಗೆ ಸೇರಿದರೆ ಮಾತ್ರ ಲೆಕ್ಕ. ಬೇರೆ ಕಡೆ ಇಂಥ ಕೆಲಸ ಮಾಡುವವರು ಫೋಟೊ ತೆಗೆದು ಸಂಭ್ರಮಿಸುವ ಮೊದಲು ಹೆಣ್ಣುಗಳ ಚೀಲ ನೋಡಲಿ.

ಸೊಳ್ಳೆ? ಆ ದೊಣೆಗಳಲ್ಲಿ ಸೊಳ್ಳೆಮರಿ ಈಗಲೂ ಅಷ್ಟಿಷ್ಟು ಕಾಣುತ್ತವೆ. ಹಾರಿ ಬರುವ ನೀರುತಿಗಣೆ, ಜೀರುಂಡೆಗಳು ಅವನ್ನು ತಿನ್ನುವುದನ್ನು ಮಕ್ಕಳು ನೋಡಿದ್ದಾರೆ. ಅವು ಸೀಗಡಿಯನ್ನೂ ಬಿಡುವುದಿಲ್ಲ.

ಪಂಚಾಯ್ತಿ ಕಡತದಲ್ಲಿ ಈಗ ಒಂದು ಸಾಲು ಸೇರಿದೆ. ಗುಡ್ಡದ ದೊಣೆ ಹೂಳೆತ್ತುವುದಾದರೆ ಒಂದು ವರ್ಷಕ್ಕೆ ಒಂದೇ ದೊಣೆ, ಅದರಲ್ಲೂ ಅರ್ಧ ಭಾಗ ಮಾತ್ರ, ತೆಗೆಯುವ ಮುನ್ನ ಮೇಲಿನ ಒಂದು ಬೆರಳು ಮಣ್ಣನ್ನು ಬೇರೆ ಚೀಲಕ್ಕೆ ತುಂಬಿ ಒಣ ಜಾಗದಲ್ಲಿಟ್ಟು ಕೊನೆಗೆ ಹರಡಬೇಕು. ದಿನಗೂಲಿಗೆ ಇದರಿಂದ ನಷ್ಟವಿಲ್ಲ, ಕೆಲಸ ವರ್ಷ ವರ್ಷಕ್ಕೂ ಹಂಚಿಹೋಗುತ್ತದೆ ಅಷ್ಟೆ. ಕೂಲಿಯವರೇ ಇದನ್ನು ಮೊದಲು ಒಪ್ಪಿದರು.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಮೇಲಿನ ದೊಣೆಗೆ ಕ್ಲಾಮ್ ಶ್ರಿಂಪ್ ಕೂಡ ಮರಳಿದೆ, ನಡುವಿನದಕ್ಕೆ ಮರಳಿಲ್ಲ. ಎರಡಕ್ಕೂ ಹಾಕಿದ್ದು ಒಂದೇ ರಾಶಿಯ ಮಣ್ಣು. ಮೂಲೆ ದೊಣೆಯಿಂದ ಎರಡು ಹಿಡಿ ತಂದು ನಡುವಿನದಕ್ಕೆ ಹಾಕೋಣ ಅಂತ ಅರ್ಧ ಮಕ್ಕಳ ಒತ್ತಾಯ. ಕೈ ಹಾಕದ ದೊಣೆ ಇರುವುದೇ ಅದೊಂದು, ಹೋಲಿಸಿ ನೋಡಲು ಅದನ್ನು ಹಾಗೇ ಬಿಡಬೇಕು ಅಂತ ಉಳಿದವರ ವಾದ. ನಾನು ಸದ್ಯಕ್ಕೆ ಎರಡನೇ ಪಕ್ಷ. ಅಟ್ಟದ ಚೀಲದ ಮಣ್ಣನ್ನು ಮಳೆ ನೀರಿನಲ್ಲಿ ಇನ್ನೊಮ್ಮೆ ನೋಡಿ, ಅದರಲ್ಲಿ ಕ್ಲಾಮ್ ಶ್ರಿಂಪ್ ಬಂದರೆ ಮುಂದಿನ ಬೇಸಿಗೆಯಲ್ಲಿ ಅದನ್ನೇ ಹರಡುವುದು ಅಂತ ಮಾತಾಗಿದೆ.